ಇಂದ್ರಮ್ಮನ ಒಂಟಿ ಹಲಗೆ

ಊರಲ್ಲಿ ಕೊನೆಯ ನಾಟಿ ಎಂದರೆ ಇಂದ್ರಮ್ಮನ ಗದ್ದೆಯದೇ. ಮಿಕ್ಕವರ ಪೈರು ಬೇರು ಹಿಡಿದು ಹಸಿರಾಗಿ ನಿಂತ ಹೊತ್ತಿಗೆ ಅವಳ ಗದ್ದೆ ಉತ್ತ ಕೆಸರಲ್ಲೇ ಬಾಯಿ ಬಿಟ್ಟುಕೊಂಡು ಬಿದ್ದಿರುತ್ತಿತ್ತು. ಎಲ್ಲರ ಕೊಯ್ಲು ಮುಗಿದ ಮೇಲೆ ಸುತ್ತಲಿನ ಗಿಳಿಗಳಿಗೂ ಹಂದಿಗಳಿಗೂ ಉಳಿಯುತ್ತಿದ್ದುದು ಅವಳದೊಂದೇ ತೆನೆ. ಹಾಗೆಂದು ಅವಳೇನು ಮೈಗಳ್ಳಿಯಲ್ಲ. ಮಗ್ಗೆ ಹೋಬಳಿಯ ಬಯಲಲ್ಲಿ ಅವಳಷ್ಟು ಚುರುಕಾಗಿ ಸಸಿ ನೆಡುವವಳು ಇನ್ನೊಬ್ಬಳಿರಲಿಲ್ಲ.

ತೊಂದರೆ ಇದ್ದುದು ಒಂದು ಹಲಗೆಯಲ್ಲಿ. ನಾಟಿಗೆ ಮೊದಲು ಉತ್ತ ಕೆಸರನ್ನು ಸಮ ಮಾಡಬೇಕು. ಅದಕ್ಕೆ ಉದ್ದನೆಯದೊಂದು ಹಲಗೆಯನ್ನು ಜೋಡಿ ಎತ್ತಿನ ಹಿಂದೆ ಕಟ್ಟಿ, ಅದರ ಮೇಲೆ ಆಳು ನಿಂತು, ಹಗ್ಗ ಹಿಡಿದು ಗದ್ದೆ ತುಂಬ ಸುತ್ತಬೇಕು. ಆ ಹಲಗೆಯನ್ನು ಹೆಂಗಸರು ತುಳಿಯಬಾರದು. ತುಳಿದ ಗದ್ದೆ ಬಂಜೆ ಬೀಳುತ್ತದೆ ಎಂದು ಊರಿನ ನಂಬಿಕೆ. ಬಿತ್ತನೆ ಬೀಜ ಕಾಪಾಡುವವಳು ಹೆಂಗಸು. ಸಸಿ ಕೀಳುವವಳು, ನೆಡುವವಳು, ಕಳೆ ತೆಗೆಯುವವಳು, ಕೊಯ್ಯುವವಳು, ಎಲ್ಲ ಹೆಂಗಸೇ. ಇಷ್ಟಕ್ಕೆಲ್ಲ ಏನೂ ಆಗದ ಗದ್ದೆ, ಹಲಗೆಯ ಮೇಲೆ ಸೀರೆ ಕಂಡ ಗಳಿಗೆಗೆ ಬಂಜೆ ಬಿದ್ದುಬಿಡುತ್ತದಂತೆ. ಯಾವ ಪುಣ್ಯಾತ್ಮ ಹೇಳಿದನೋ, ಅವನ ಬಾಯಿಗಿಷ್ಟು ಕೆಸರು ಹಾಕ.

ಇಂದ್ರಮ್ಮನ ಗಂಡ ಯೋಗೇಶ ಲಾರಿ ಡ್ರೈವರ್. ದೋಣಿಗಲ್ ಘಾಟಿಯ ತಿರುವುಗಳಲ್ಲಿ ಲೋಡ್ ಲಾರಿಯನ್ನು ಒಂದೇ ಕೈಯಲ್ಲಿ ಇಳಿಸುವ ಗಂಡು, ಎತ್ತು ಬುಸುಗುಟ್ಟಿದರೆ ಹೆದರಿ ಬದುವಿನ ಮೇಲೆ ನಿಂತಿರುತ್ತಿದ್ದ. ಹಿಸ್ಸೆ ಆದಾಗ ಅಣ್ಣ ಸೋಮಯ್ಯನಿಗೆ ಕರಿಯ, ತಮ್ಮ ಯೋಗೇಶನಿಗೆ ಕೆಂದ ಎಂದು ಒಂದೊಂದು ಎತ್ತು ಬಂದಿತ್ತು. ಹಲಗೆ ಮಾತ್ರ ಎರಡೂ ಮನೆಗೆ ಸೇರಿದ್ದೆಂದು ಅಣ್ಣನ ಕೊಟ್ಟಿಗೆಯಲ್ಲೇ ಉಳಿಯಿತು. ಹೀಗಾಗಿ ಸೋಮಯ್ಯ ತನ್ನ ಗದ್ದೆ ಮುಗಿಸಿ, ಬೇಕಾದವರ ಗದ್ದೆ ಮುಗಿಸಿ, ಸೊಂಟ ನೋವು ಕಳೆದು, ಮನಸ್ಸು ಬಂದ ದಿನ ತಮ್ಮನ ಗದ್ದೆಗೆ ಇಳಿಯುತ್ತಿದ್ದ. ಅದಕ್ಕೆ ಮುಯ್ಯಿಯಾಗಿ ಇಂದ್ರಮ್ಮ ಅವನ ಗದ್ದೆಯಲ್ಲಿ ನಾಟಿ ಮಾಡಿಕೊಡಬೇಕಿತ್ತು. ಆ ಮುಯ್ಯಿ ಒಂದು ದಿನವೂ ತಪ್ಪದಂತೆ ಅವನು ನೋಡಿಕೊಳ್ಳುತ್ತಿದ್ದ. ಕೆಲಸ ಮಾಡಿ ಕೊಟ್ಟವನೇ ಅವನಲ್ಲವೇ, ಕೇಳುವ ಹಕ್ಕು ಅವನಿಗಲ್ಲದೆ ಯಾರಿಗೆ.

ತೊಂಬತ್ತೆಂಟರ ಮಳೆಗಾಲ ಮುಗಿಯುವಾಗ ಹೇಮಾವತಿಯ ಹಿನ್ನೀರು ಊರ ಕೆಳಗಿನ ಗೋಮಾಳದವರೆಗೂ ಬಂದು ನಿಂತಿತ್ತು. ಆ ನೀರಿಗೆ ತಾಗಿಕೊಂಡಂತೆ ಒಂದು ಕಾಫಿ ತೋಟ. ತೋಟದ ಸಾಹುಕಾರರು ಆ ವರ್ಷ ಎಂಜಿನ್ ಬೋಟೊಂದನ್ನು ತರಿಸಿದರು. ಅವರ ಮಗಳು ಶಾಲಿನಿ ಹೊರಗೆ ಓದಲು ಹೋದವಳು ಓದಿನ ಜೊತೆಗೆ ಒಂದು ಆಟವನ್ನೂ ಕಲಿತು ಬಂದಿದ್ದಳು. ಕಾಲಿಗೆ ಉದ್ದನೆಯ ಹಲಗೆ ಸಿಕ್ಕಿಸಿಕೊಂಡು, ಬೋಟಿಗೆ ಕಟ್ಟಿದ ಹಗ್ಗದ ಹಿಡಿ ಹಿಡಿದು, ನಿಂತುಕೊಂಡೇ ನೀರಿನ ಮೇಲೆ ಜಾರುತ್ತಾ ಹೋಗುವುದು. ವಾಟರ್ ಸ್ಕೀ ಎಂದು ಅದರ ಹೆಸರು.

ಬೋಟ್ ಓಡಿಸುವವನು ತೋಟದ ಜೀಪ್ ಡ್ರೈವರ್ ಪ್ರದೀಪ. ಅವನು ಮುಂದೆ ನೋಡಿಕೊಂಡು ಓಡಿಸುವಾಗ, ಹಿಂದೆ ಬರುವವರು ನಿಂತಿದ್ದಾರೋ ಬಿದ್ದಿದ್ದಾರೋ ನೋಡಿ ಹೇಳಲು ಇನ್ನೊಬ್ಬರು ಬೇಕು. ಬೆಳೆದ ಮಗಳು, ಮದುವೆಯಾಗದ ಡ್ರೈವರ್, ಬೋಟಿನಲ್ಲಿ ಒಬ್ಬ ಹೆಂಗಸು ಇರಲೇಬೇಕು ಎಂದು ಸಾಹುಕಾರರ ಮನೆಯಮ್ಮ ಹಟ ಹಿಡಿದರು. ತೋಟಕ್ಕೆ ಕಾಫಿ ಹಣ್ಣು ಬಿಡಿಸಲು ಹೋಗುತ್ತಿದ್ದ ಇಂದ್ರಮ್ಮನಿಗೆ ಈಜು ಬರುತ್ತಿತ್ತು. ಹಾಗಾಗಿ ಭಾನುವಾರದ ಕಾವಲು ಅವಳ ಪಾಲಿಗೆ ಬಂತು.

ಬೋಟಿನಲ್ಲಿ ಹಿಂದುಮುಂದಾಗಿ ಕೂತು ಅವಳು ಶಾಲಿನಿಯನ್ನು ನೋಡುತ್ತಿದ್ದಳು. ಮೊದಮೊದಲು, ದುಡ್ಡಿದ್ದವರ ಹುಚ್ಚಾಟ ಎಂದುಕೊಂಡಳು. ಆಮೇಲೆ ಒಂದು ದಿನ ಕಣ್ಣಿಗೆ ಬೇರೆಯೇ ಕಂಡಿತು. ಮುಂದೆ ಎಳೆಯುವುದೊಂದು, ಕೈಯಲ್ಲಿ ಹಗ್ಗ, ಕಾಲಡಿಗೆ ಹಲಗೆ. ಎತ್ತಿನ ಜಾಗದಲ್ಲಿ ಎಂಜಿನ್ನು, ಕೆಸರಿನ ಜಾಗದಲ್ಲಿ ನೀರು. ಉಳಿದದ್ದೆಲ್ಲ ಭಾವ ಗದ್ದೆಯಲ್ಲಿ ಮಾಡುವ ಕೆಲಸವೇ. ಅದರ ಮೇಲೆ ನಿಂತವಳು ಹೆಂಗಸು, ಮತ್ತು ಹಿನ್ನೀರೇನೂ ಬತ್ತಿ ಹೋಗಿರಲಿಲ್ಲ.

ಬೋಟ್ ದಡಕ್ಕೆ ಬಂದಾಗ ಅವಳು ಕೇಳಿಯೇಬಿಟ್ಟಳು. "ಶಾಲಿನಮ್ಮ, ನಾನೊಂದ್ಸಲ ನಿಂತ್ಕಂಡು ನೋಡ್ಲಾ?"

ಪ್ರದೀಪ ಕಿಸಕ್ಕೆಂದ. ಶಾಲಿನಿ ನಗಲಿಲ್ಲ. "ನೋಡಿ, ಅದಕ್ಕೇನಂತೆ. ಆದ್ರೆ ಸೀರೇಲಿ ಆಗಲ್ಲ ಇಂದ್ರಮ್ಮ, ಕಾಲಿಗೆ ಸುತ್ಕೊಳತ್ತೆ" ಎಂದಳು.

ಮುಂದಿನ ಭಾನುವಾರ ಇಂದ್ರಮ್ಮ ಗಂಡನ ಖಾಕಿ ಪ್ಯಾಂಟ್ ತೊಟ್ಟು, ಸೊಂಟಕ್ಕೆ ದಾರ ಬಿಗಿದು, ಮೇಲೆ ಹಣ್ಣು ಬಿಡಿಸುವಾಗ ಹಾಕುವ ತುಂಬುತೋಳಿನ ಅಂಗಿ ಹಾಕಿಕೊಂಡು ಬಂದಳು. ಯೋಗೇಶ ಆ ದಿನ ಮನೆಯಲ್ಲೇ ಇದ್ದ. ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿ ಅವನು ಹೇಳಿದ್ದು ಇಷ್ಟು: "ಒಗ್ದು ಒಣಗ್ಸಿಡೇ, ನಾಳೆ ಲೋಡ್ ಐತೆ."

ಎರಡು ಹಲಗೆಯ ಮೇಲೆ ನಿಲ್ಲಲು ಅವಳಿಗೆ ಬಹಳ ದಿನ ಹಿಡಿಯಲಿಲ್ಲ. ಮೂಗಿಗೆ, ಕಿವಿಗೆ ನೀರು ನುಗ್ಗಿತು, ಲೈಫ್ ಜಾಕೆಟ್ ಗಲ್ಲಕ್ಕೆ ಬಡಿಯಿತು, ಆದರೂ ಕೊನೆಗೊಮ್ಮೆ ಕಾಲುಗಳು ನಡುಗುತ್ತಾ ಎದ್ದು ನಿಂತವು. ದಡ ಹಿಂದೆ ಹಿಂದೆ ಓಡಿತು. ಅವಳಿಗಾದ ಖುಷಿ ಎಷ್ಟೆಂದರೆ, ನೀರಿನ ಮೇಲೆಯೇ ಒಬ್ಬಳೇ ಬಾಯಿಬಿಟ್ಟು ನಕ್ಕಳು. ಆ ನಗುವಿಗೇ ಹತೋಟಿ ತಪ್ಪಿ ಬಿದ್ದಳು.

ಸುದ್ದಿ ಊರಿಗೆ ಅವಳಿಗಿಂತ ಮೊದಲೇ ತಲುಪಿತು. ಮರುದಿನ ಬೆಳಗ್ಗೆ ಹಾಲಿನ ಡೈರಿಯ ಮುಂದೆ ಎಲ್ಲರೂ ಕ್ಯಾನ್ ಹಿಡಿದು ಸಾಲಾಗಿ ನಿಂತಿದ್ದಾಗ ಸೋಮಯ್ಯ ಮೀಸೆಯ ಮೇಲೆ ಕೈಯಾಡಿಸಿದ.

"ಏನವ್ವ ಇಂದ್ರಮ್ಮ, ನನ್ ತಮ್ಮನ್ ಪ್ಯಾಂಟ್ ಹಾಕ್ಕಂಡು ನೀರ್ ಮೇಲೆ ಕುಣೀತಿದೀಯಂತೆ."

ಸಾಲಿನಲ್ಲಿದ್ದವರು ನಕ್ಕರು. ಇಂದ್ರಮ್ಮನಿಗೆ ಕಿವಿ ಬಿಸಿಯಾಯಿತು. ಬೇರೆ ದಿನವಾಗಿದ್ದರೆ ತಲೆ ತಗ್ಗಿಸಿ ಹಾಲು ಅಳೆಸಿಕೊಂಡು ಹೋಗುತ್ತಿದ್ದಳೇನೋ. ಆ ದಿನ ಹೋಗಲಿಲ್ಲ.

"ಹೂಂ ಭಾವ. ನೀರ್ ಮೇಲೆ ನಿಂತ ಕಾಲು ಕೆಸರ್ ಮೇಲೂ ನಿಲ್ತದೆ. ಬರೋ ಮಳೆಗಾಲಕ್ಕೆ ನನ್ ಗದ್ದೆ ಹಲಗೆ ನಾನೇ ಹೊಡ್ಕತೀನಿ."

ಡೈರಿಯವನು ಹಾಲು ಅಳೆಯುವುದನ್ನು ನಿಲ್ಲಿಸಿ ಮುಖ ಎತ್ತಿದ. ಸೋಮಯ್ಯನ ನಗು ಅರ್ಧಕ್ಕೇ ನಿಂತಿತು. ಆದರೆ ಅವನು ಊರಿನಲ್ಲಿ ನಾಲ್ಕು ನ್ಯಾಯ ಮಾಡಿದ ಮನುಷ್ಯ, ಮಾತಿಗೇನು ಬರವೇ.

"ಎರಡು ಹಲಗೆ ಮೇಲೆ ತಾನೆ ನೀನು ನಿಂತಿದ್ದು? ಕಾಲಿಗೊಂದೊಂದು ಹಲಗೆ ಕೊಟ್ರೆ ನಮ್ಮನೆ ಎಮ್ಮೇನೂ ನಿಲ್ತದೆ. ಗದ್ದೆಗಿರೋದು ಒಂದೇ ಹಲಗೆ ಕಣವ್ವ. ಒಂದ್ರ ಮೇಲೆ ನಿಂತು ತೋರ್ಸು, ನಾನೇ ಎತ್ತು ಹೂಡಿ ಹಗ್ಗ ನಿನ್ ಕೈಗೆ ಕೊಡ್ತೀನಿ."

"ಆಮೇಲೆ ಇಲ್ಲ ಅನ್ನಬಾರ್ದು."

"ಸೋಮಯ್ಯನ್ ಮಾತು ಅದು. ಇಷ್ಟು ಜನ ಕೇಳ್ಸ್ಕಂಡವ್ರೆ."

ಅಲ್ಲಿಂದ ಇಂದ್ರಮ್ಮನಿಗೆ ಅದು ಆಟವಾಗಿ ಉಳಿಯಲಿಲ್ಲ. ಒಂಟಿ ಹಲಗೆಯ ಮೇಲೆ ನಿಂತರೆ ಗದ್ದೆ ಹೊತ್ತಿಗೆ ಸರಿಯಾಗಿ ಹಸಿರಾಗುತ್ತದೆ. ಇಲ್ಲದಿದ್ದರೆ ಭಾವನ ಸೊಂಟ ನೋವು ಕಳೆಯುವವರೆಗೆ ಕಾಯುವುದು ಸಾಯುವವರೆಗೂ ತಪ್ಪುವುದಿಲ್ಲ. ಅವಕಾಶವೂ ಬಹಳವಿರಲಿಲ್ಲ. ಶಿವರಾತ್ರಿಯ ಹೊತ್ತಿಗೆ ಹಿನ್ನೀರು ಇಳಿದು, ಮುಳುಗಿದ್ದ ಹಳೆಯ ಮರಗಳ ಬೊಡ್ಡೆ ತಲೆ ಎತ್ತುತ್ತವೆ. ಆಮೇಲೆ ಬೋಟ್ ಇಳಿಸುವಂತಿಲ್ಲ.

"ಒಂದ್ರಲ್ಲಿ ನಿಲ್ಲೋಕೆ ನಂಗೇ ಒಂದು ವರ್ಷ ಹಿಡೀತು ಇಂದ್ರಮ್ಮ" ಎಂದಳು ಶಾಲಿನಿ.

"ನಂಗೆ ಅಷ್ಟು ಟೈಮಿಲ್ಲ ಶಾಲಿನಮ್ಮ."

ಶಾಲಿನಿ ಅವಳನ್ನು ದಡದಲ್ಲಿ ನಿಲ್ಲಿಸಿ, ಹೇಳದೆ ಕೇಳದೆ ಬೆನ್ನಿಗೊಂದು ನೂಕು ಕೊಟ್ಟಳು. ಇಂದ್ರಮ್ಮ ಮುಗ್ಗರಿಸಿ ಎಡಗಾಲು ಮುಂದಿಟ್ಟಳು. ಹಾಗಾದರೆ ಎಡಗಾಲು ಮುಂದೆ, ಬಲಗಾಲು ಅದರ ಬೆನ್ನಿಗೆ ಎಂದು ತೀರ್ಮಾನವಾಯಿತು. ಮೊದಲು ಎರಡು ಹಲಗೆಯಲ್ಲಿ ಎದ್ದು ನಿಲ್ಲುವುದು. ನೀರು ಸಮವಾಗಿರುವ ಕಡೆ ಬಲಗಾಲಿನ ಹಲಗೆಯನ್ನು ಮೆಲ್ಲಗೆ ಕಳಚಿ ಬಿಡುವುದು. ಖಾಲಿಯಾದ ಕಾಲನ್ನು ತಂದು, ಎಡಗಾಲಿನ ಹಿಂದೆ ಅದೇ ಹಲಗೆಯಲ್ಲಿರುವ ಪಟ್ಟಿಗೆ ತೂರಿಸುವುದು. ಹೇಳುವುದಕ್ಕೆ ಇಷ್ಟೇ.

ಕಳಚುವವರೆಗೆ ಎಲ್ಲ ಸರಿಯಿರುತ್ತಿತ್ತು. ಕಳಚಿದ ಕೂಡಲೇ ಮೈ ತೂಗಾಡುತ್ತಿತ್ತು, ಮೈ ತೂಗಾಡಿದ ಕೂಡಲೇ ಅವಳ ಕೈಗಳು ಹಗ್ಗವನ್ನು ಎದೆಗೆ ಎಳೆದುಕೊಳ್ಳುತ್ತಿದ್ದವು. ಎಳೆದ ಹಗ್ಗ ಒಂದು ಕ್ಷಣ ಸಡಿಲಾಗಿ, ಅವಳು ಅಲ್ಲೇ ಮುಳುಗಿ, ಮರುಕ್ಷಣ ಹಗ್ಗ ಜಗ್ಗಿ ಕೈ ಕಿತ್ತುಕೊಂಡು ಹೋಗುತ್ತಿತ್ತು. ಹುಟ್ಟಿದಾಗಿನಿಂದ ಬಾವಿಯ ನೀರು ಸೇದಿದ ಕೈ ಅವು. ಹಗ್ಗ ಸಿಕ್ಕಿದರೆ ತನ್ನ ಕಡೆಗೆ ಎಳೆಯುವುದೊಂದೇ ಅವಕ್ಕೆ ಗೊತ್ತು. ಹೆದರಿದಷ್ಟೂ ಹೆಚ್ಚು ಎಳೆಯುತ್ತಿದ್ದವು.

"ಕೈ ನೇರ ಇಡಿ, ಮಡಿಸ್ಬೇಡಿ" ಎಂದು ಶಾಲಿನಿ ಬೋಟಿನಿಂದ ಕೂಗುತ್ತಿದ್ದಳು. ಇಂದ್ರಮ್ಮನ ತಲೆಗೆ ಅದು ಅರ್ಥವಾಗುತ್ತಿತ್ತು. ಕೈಗೆ ಅರ್ಥವಾಗುತ್ತಿರಲಿಲ್ಲ.

ಭಾನುವಾರಗಳು ಹೀಗೇ ಮುಳುಗಿದವು. ಅಂಗೈ ಸುಲಿದವು, ಮಂಡಿ ಊದಿತು. ದನ ಮೇಯಿಸುವ ನೆಪದಲ್ಲಿ ಗೋಮಾಳಕ್ಕೆ ಜನ ಬರತೊಡಗಿದರು. ಅವಳು ಬಿದ್ದಾಗಲೆಲ್ಲ ದಡದಿಂದ ಸಿಳ್ಳೆ ಕೇಳುತ್ತಿತ್ತು. ಅವಮಾನದಿಂದ ಅಳು ಬಂದರೂ ಅತ್ತದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒದ್ದೆ ಮುಖದಲ್ಲಿ ಕಣ್ಣೀರು ಯಾವುದು, ಹಿನ್ನೀರು ಯಾವುದು ಎಂದು ಯಾರು ನೋಡಲು ಹೋಗುತ್ತಾರೆ. "ಇವತ್ತಿಗೆ ಸಾಕ್ ಮಾಡಿ ಇಂದ್ರಕ್ಕ" ಎಂದು ಪ್ರದೀಪನೇ ಕೈಮುಗಿಯುವಷ್ಟಾಯಿತು. ಅವಳು ಹಗ್ಗದ ಹಿಡಿ ಹುಡುಕಿಕೊಂಡು ಈಜುತ್ತಿದ್ದಳು.

ಇಷ್ಟು ದಿನವೂ ಮನೆಯಲ್ಲಿ ತುಟಿ ಬಿಚ್ಚದೆ ಇದ್ದವಳು ಅತ್ತೆ ಹುಲಿಯಮ್ಮ. ಹಿಸ್ಸೆಯಾದ ಮೇಲೆ ಕಿರಿಯ ಮಗನ ಮನೆಯಲ್ಲಿದ್ದ ಮುದುಕಿಗೆ ಸೊಸೆಯ ಪ್ಯಾಂಟು ಸರಿಕಂಡಿತೋ ಇಲ್ಲವೋ, ಹೇಳಿರಲಿಲ್ಲ. ಒಂದು ಸಂಜೆ ಸೊಸೆಯ ಅಂಗೈಗೆ ಕೊಬ್ಬರಿ ಎಣ್ಣೆ ಸವರುತ್ತಾ ಕೇಳಿದಳು.

"ಹಗ್ಗ ಹೆಂಗಿಡೀತೀಯ, ತೋರ್ಸು."

ದನ ಕಟ್ಟುವ ಹಗ್ಗದ ಒಂದು ತುದಿ ಇಂದ್ರಮ್ಮ ಹಿಡಿದಳು. ಇನ್ನೊಂದು ತುದಿ ಹಿಡಿದ ಹುಲಿಯಮ್ಮ ಇದ್ದಕ್ಕಿದ್ದಂತೆ ಜಗ್ಗಿದಳು. ಇಂದ್ರಮ್ಮನ ಮೊಣಕೈ ಮಡಚಿಕೊಂಡು, ಹಗ್ಗ ಎದೆಗೆ ಬಂತು.

"ಅಲ್ಲೇ ಕೆಟ್ಟಿರೋದು" ಎಂದಳು ಹುಲಿಯಮ್ಮ. "ಬಾವಿ ಹಗ್ಗ ನೀನು ಎಳೀಬೇಕು. ಎತ್ತಿನ ಹಗ್ಗ ನಿನ್ನ ಎಳೀತದೆ. ಎಳೀಲಿ ಬುಡು. ನೀನು ಭಾರ ಕೊಟ್ಟು ನಿಂತಿರು, ಅಷ್ಟೇ ನಿನ್ ಕೆಲ್ಸ. ನಾಳೆಯಿಂದ ಕೆಂದನ್ನ ನೀರಿಗೆ ನೀನೇ ಹೊಡ್ಕಂಡೋಗು. ಹಿಂದ್ಲಿಂದ ಹಗ್ಗ ಹಿಡ್ಕ."

"ನಿಮಗೆ ಹೆಂಗೆ ಗೊತ್ತತ್ತೆ ಇದೆಲ್ಲ?"

ಮುದುಕಿ ಎಣ್ಣೆ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಕೆಂದ ಬಾಯಾರಿದಾಗ ಯಾರ ಮಾತೂ ಕೇಳದ ಎತ್ತು. ಇಳಿಜಾರಿನಲ್ಲಿ ನೀರಿನ ವಾಸನೆ ಬಡಿದರೆ ಓಟ ಕೀಳುತ್ತಿತ್ತು. ಹಿಂದೆ ಹಗ್ಗ ಹಿಡಿದು, ಹಿಮ್ಮಡಿ ಊರಿ, ಬೆನ್ನು ಹಿಂದಕ್ಕೆ ಒರಗಿಸಿ ಇಂದ್ರಮ್ಮ ದಿನಾ ಆ ದಾರಿಯಲ್ಲಿ ಎಳೆಸಿಕೊಂಡಳು. ಎರಡು ಸಲ ಮುಖ ನೆಲಕ್ಕೆ ಕೊಟ್ಟಳು. ಆಮೇಲಾಮೇಲೆ ಕೈ ಮಡಿಸಿದರೆ ಕೆಂದ ಗೆಲ್ಲುತ್ತಾನೆ, ನೀಡಿ ಒರಗಿದರೆ ಅವನ ಓಟವೇ ತನ್ನನ್ನು ನಿಲ್ಲಿಸುತ್ತದೆ ಎಂದು ಮೈಗೆ ತಿಳಿಯಿತು.

ನೀರು ಇಳಿಯತೊಡಗಿತ್ತು. ಇನ್ನು ಮುಂದಿನ ವಾರ ಬೋಟ್ ಇಲ್ಲ ಎಂದು ಪ್ರದೀಪ ಹೇಳಿದ ಭಾನುವಾರ ಸೋಮಯ್ಯ ಎಮ್ಮೆ ತೊಳೆಯಲು ತಾನೇ ದಡಕ್ಕೆ ಬಂದ. ಜೊತೆಗೆ ಡೈರಿಯ ಸಾಲಿನಲ್ಲಿದ್ದವರೂ ಬಂದರು. ಇಂದ್ರಮ್ಮ ಮೊದಲ ಸಲ ಬಿದ್ದಳು. ಎರಡನೇ ಸಲ ಬಿದ್ದಾಗ "ಎದ್ದೋಗಿ ಮುದ್ದೆ ತಿರುವ್ಕೋ ಹೋಗವ್ವ" ಎಂದು ಯಾರೋ ಕೂಗಿದರು. ಅವಳಿಗೆ ಬಂದ ಸಿಟ್ಟಿಗೆ ಚಳಿಯೇ ಬಿಟ್ಟುಹೋಯಿತು. ನೀರಿಗಿಳಿದವಳಿಗೆ ಚಳಿಯೇನು, ಮಳೆಯೇನು. ಪ್ರದೀಪನಿಗೆ ಓಡಿಸು ಎಂದು ತಲೆಯಾಡಿಸಿದಳು.

ಎದ್ದಳು. ಬಲಗಾಲಿನ ಹಲಗೆ ಕಳಚಿ ತೇಲುತ್ತಾ ಹಿಂದೆ ಉಳಿಯಿತು. ಮೈ ಎಡಕ್ಕೆ ವಾಲಿತು. ಕೈ ಎದೆಯ ಕಡೆಗೆ ಬರಲು ಹವಣಿಸಿತು. ಎಳೀಲಿ ಬುಡು, ಎಂದುಕೊಂಡಳು. ಕೈ ನೀಡಿಯೇ ಇತ್ತು. ಅವಳು ಹಿಂದಕ್ಕೆ ಒರಗಿ ಭಾರ ಕೊಟ್ಟಳು, ಬೋಟು ಎಳೆಯಿತು. ತಡಕಾಡುತ್ತಿದ್ದ ಬಲಗಾಲು ಪಟ್ಟಿಯೊಳಗೆ ಸೇರಿಕೊಂಡಿತು. ಒಂದೇ ಹಲಗೆ, ಅದರ ಮೇಲೆ ಹಿಂದೊಂದು ಮುಂದೊಂದು ಅವಳ ಎರಡು ಕಾಲು. ಪ್ರದೀಪ ಬೋಟನ್ನು ಬೇಕೆಂದೇ ದಡದ ಪಕ್ಕದಲ್ಲಿ ತಿರುಗಿಸಿದ. ಅಲ್ಲಿ ನಿಂತವರ ಮುಖ ಒಂದೊಂದೂ ಅವಳಿಗೆ ಕಂಡಿತು. ಒಬ್ಬರೂ ಸಿಳ್ಳೆ ಹಾಕುತ್ತಿರಲಿಲ್ಲ. ಭಾವನ ಕೈಯಲ್ಲಿ ಎಮ್ಮೆ ಉಜ್ಜುವ ಹುಲ್ಲಿನ ಸಿಂಬಿ ಹಾಗೇ ನಿಂತಿತ್ತು. ಈ ಸಲ ಅವಳು ನಗಲಿಲ್ಲ. ಬೀಳಲೂ ಇಲ್ಲ.

ದಡಕ್ಕೆ ಬಂದು ನೀರು ಸುರಿಯುವ ಪ್ಯಾಂಟಿನಲ್ಲೇ ಸೋಮಯ್ಯನ ಮುಂದೆ ನಿಂತಳು. "ಭಾವ, ಮಾತು?"

ಸೋಮಯ್ಯ ಸುತ್ತ ನೋಡಿದ. "ಮಾತು ಕೊಟ್ಟಿದ್ದು ನಿಜ. ಆದ್ರೆ ನೀರು ಬೇರೆ, ಭೂಮ್ತಾಯಿ ಬೇರೆ. ನೀರಲ್ಲಿ ಬೆಳೆ ಬೆಳೀತೀವಾ? ಹೆಂಗಸು ತುಳಿದ್ರೆ ನೀರಿಗೇನೂ ಆಗಲ್ಲ. ಗದ್ದೆ ಬಂಜೆ ಬಿದ್ರೆ ಯಾರವ್ವ ಹೊಣೆ?" ಎಂದು ಎಮ್ಮೆ ಹೊಡೆದುಕೊಂಡು ಹೊರಟ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಇಂದ್ರಮ್ಮ ಮನೆಗೆ ಬಂದು ಪ್ಯಾಂಟ್ ಒಗೆದು ಹಾಕಿದಳು. ಯೋಗೇಶನಿಗೆ ಇನ್ನೊಂದು ಹೊಸದು ಹೊಲಿಸಿಕೊಳ್ಳಲು ಹೇಳಿದಳು. ಇದು ತನಗೇ ಬೇಕಾಗುತ್ತದೆ ಎಂದಳು.

ಮುಂದಿನ ಆಷಾಢದ ಮಳೆ ಹಿಡಿದು, ಎರಡೂ ಮನೆಯ ಗದ್ದೆ ಉತ್ತು ನೀರು ನಿಂತಿತ್ತು. ನಾಳೆಯಿಂದ ನನ್ನ ಗದ್ದೆಗೆ ಹಲಗೆ ಎಂದು ಸೋಮಯ್ಯ ಎಂದಿನಂತೆ ಹೇಳಿದ್ದ. ಬೆಳಗ್ಗೆ ಅವನು ಡೈರಿಗೆ ಹೋದ ಹೊತ್ತು ನೋಡಿ, ಹುಲಿಯಮ್ಮ ಕಂಬಳಿ ಕೊಪ್ಪೆ ಹಾಕಿಕೊಂಡು ದೊಡ್ಡ ಮಗನ ಕೊಟ್ಟಿಗೆಗೆ ನಡೆದಳು. ಕರಿಯನ ಹಗ್ಗ ಬಿಚ್ಚಿದಳು. ಹಲಗೆಯನ್ನು ದೊಡ್ಡ ಸೊಸೆಯ ಕೈಯಲ್ಲೇ ಹೊರಿಸಿಕೊಂಡು ಬಂದಳು. ಅತ್ತೆಯ ಮುಖ ನೋಡಿ ಆ ಸೊಸೆ ಏಕೆಂದು ಕೇಳುವ ಧೈರ್ಯ ಮಾಡಲಿಲ್ಲ.

ಸೋಮಯ್ಯ ಖಾಲಿ ಕ್ಯಾನ್ ಕೈಯಲ್ಲಿ ಹಿಡಿದೇ ಗದ್ದೆ ಬಯಲಿಗೆ ಓಡಿ ಬಂದ. ಅಷ್ಟರಲ್ಲಿ ಕರಿಯ, ಕೆಂದ ಜೋಡಿಯಾಗಿ ತಮ್ಮನ ಗದ್ದೆಯಲ್ಲಿ ಸುತ್ತುತ್ತಿದ್ದವು. ಹಿಂದೆ ಹಲಗೆಯ ಮೇಲೆ ಖಾಕಿ ಪ್ಯಾಂಟ್ ಮಡಿಸಿಕೊಂಡು ಇಂದ್ರಮ್ಮ ನಿಂತಿದ್ದಳು. ಕೈ ನೀಡಿತ್ತು, ಮೈ ಹಿಂದಕ್ಕೆ ಒರಗಿತ್ತು. ಉಬ್ಬಿದ ಮಣ್ಣು ಹಲಗೆಯಡಿ ಕೂತು, ನೀರು ಅದರ ಮೇಲೆ ಸಮನಾಗಿ ಹರಡಿಕೊಳ್ಳುತ್ತಿತ್ತು.

"ಇಳಿಯೇ ಹಲಗೆಯಿಂದ" ಎಂದು ಸೋಮಯ್ಯ ಅಬ್ಬರಿಸಿದ. "ಬಂಜೆ ಮಾಡ್ಬುಡ್ತೀಯ ಗದ್ದೇನ."

ಬದುವಿನ ಮೇಲೆ ಕೂತಿದ್ದ ಹುಲಿಯಮ್ಮ ಎಲೆಯಡಿಕೆ ಉಗುಳಿ ಮಗನ ಕಡೆ ತಿರುಗಿದಳು.

"ಸುಮ್ಕಿರೋ. ನಿಮ್ಮಪ್ಪ ಜ್ವರ ಬಂದು ಮಲಗಿದ್ದಾಗ ಇದೇ ಹಲಗೆ ಮೇಲೆ ನಾನು ನಿಂತಿದ್ದೆ, ಮಳೆ ಮುಸುಕಿನಾಗೆ ಯಾರಿಗೂ ಕಾಣ್ದಂಗೆ. ನೀನು ಹೊಟ್ಟೇಲಿದ್ದೆ. ಗದ್ದೇನೂ ಬಂಜೆ ಬೀಳ್ಲಿಲ್ಲ, ನಾನೂ ಬೀಳ್ಲಿಲ್ಲ. ಇಷ್ಟು ವರ್ಷ ಬಾಯ್ ಮುಚ್ಕಂಡಿದ್ದೇ ನನ್ ತಪ್ಪು ಕಣೋ."

ಪಕ್ಕದ ಗದ್ದೆಗಳಲ್ಲಿ ಸಸಿ ಕೀಳುತ್ತಿದ್ದ ಹೆಂಗಸರೆಲ್ಲ ಬಗ್ಗಿದವರು ಎದ್ದು ನಿಂತರು.

ತನ್ನ ಗದ್ದೆಯ ಮೂಲೆ ಮೂಲೆ ಮುಗಿಸಿ ಇಂದ್ರಮ್ಮ ಎತ್ತು ನಿಲ್ಲಿಸಿದಳು. ಆದರೆ ಕೊರಳಿನ ನೊಗ ಬಿಚ್ಚಲಿಲ್ಲ. ಎತ್ತುಗಳನ್ನು ತಗ್ಗು ಬದು ದಾಟಿಸಿ, ಸೋಮಯ್ಯನ ಗದ್ದೆಗೇ ಇಳಿಸಿದಳು.

"ಇದೇನೇ?" ಎಂದ ಸೋಮಯ್ಯ.

"ನಿಮ್ ಕರಿಯ ನನ್ ಗದ್ದೇಲಿ ದುಡಿದೈತೆ ಭಾವ. ಮುಯ್ಯಿ ಉಳಿಸ್ಕಳಲ್ಲ ನಾನು. ಬೇಡ ಅನ್ನಂಗಿದ್ರೆ ಈಗ್ಲೇ ಅನ್ನಿ. ಇಷ್ಟು ಜನ ಕೇಳ್ಸ್ಕಳ್ಲಿ."

ಮುಯ್ಯಿ ಬೇಡ ಎಂದು ಸೋಮಯ್ಯ ಹುಟ್ಟಿದ ಮೇಲೆ ಒಂದು ದಿನವೂ ಅಂದವನಲ್ಲ. ಅವನು ತಾಯಿಯ ಮುಖ ನೋಡಿದ. ಕ್ಯಾನ್ ಕೆಳಗಿಟ್ಟು ಬದುವಿನ ಮೇಲೆ ಕೂತ. ಇಂದ್ರಮ್ಮ ಹಲಗೆ ಹತ್ತಿ ಹಗ್ಗ ಹಿಡಿದಳು.

ಆ ವರ್ಷ ಊರಲ್ಲಿ ಮೊದಲ ನಾಟಿ ಇಂದ್ರಮ್ಮನ ಗದ್ದೆಯದು, ಎರಡನೆಯದು ಸೋಮಯ್ಯನದು. ಸುಗ್ಗಿಯಲ್ಲಿ ಅವನ ಗದ್ದೆಯಲ್ಲೂ ತೆನೆ ಬಾಗಿತು. ಆ ಅಕ್ಕಿಯ ಅನ್ನವನ್ನು ಸೋಮಯ್ಯ ವರ್ಷವಿಡೀ ಉಂಡ.